ಬಾಲ್ ಜಾಯಿಂಟ್ ಸಲೀಸಾಗಿ ಕೂತರೆ ಎಚ್ಚರ

ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ ಗುಂಡುಕೀಲು, ಎಂದರೆ ಬಾಲ್ ಜಾಯಿಂಟ್, ತನ್ನ ಮನೆಯಲ್ಲಿ ಬಿಗಿಯಾಗಿ ಕೂರಬೇಕು. ಆ ಮನೆಯೇ ಸವೆದಿದ್ದರೆ ಎಷ್ಟು ಒಳ್ಳೆಯ ಕೀಲು ತಂದು ಹಾಕಿದರೂ ನಿಲ್ಲುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲೇ ಓಡಿದ ಗಾಡಿಯನ್ನು ಸಕಲೇಶಪುರದ ಒಂದು ಸಣ್ಣ ಗ್ಯಾರೇಜಿಗೆ ಒಯ್ದಿದ್ದೆ. ಎಡಗಡೆಯ ಮುಂದಿನ ಚಕ್ರದಿಂದ ಕಟಕಟ ಸದ್ದು. ಹಂಪ್ ಇಳಿಯುವಾಗ ಒಂದು ಸಲ, ಗುಂಡಿಗೆ ಬಿದ್ದು ಏಳುವಾಗ ಎರಡು ಸಲ. ಅದೇ ಚಕ್ರದ ಕೆಳಗಿನ ಬಾಲ್ ಜಾಯಿಂಟನ್ನು ನಾಲ್ಕು ತಿಂಗಳ ಹಿಂದಷ್ಟೇ ಬೇರೊಂದು ಊರಿನ ಗ್ಯಾರೇಜಿನಲ್ಲಿ ಬದಲಾಯಿಸಿದ್ದೆ. ಆದ್ದರಿಂದ ತೊಂದರೆ ಅಲ್ಲಿರಲಾರದು ಎಂದೇ ನಂಬಿದ್ದೆ.

ಮೇಸ್ತ್ರಿ ಚಕ್ರ ಬಿಚ್ಚಿದರು. ಚಕ್ರವನ್ನು ಹೊರುವ ನಕಲ್‌ನಿಂದ ಕೆಳತೋಳನ್ನು, ಎಂದರೆ ಲೋವರ್ ಆರ್ಮ್ ಬಿಡಿಸಿ, ಕೀಲು ಜಾರದಂತೆ ತಡೆಯುವ ಸರ್ಕ್ಲಿಪ್ ಉಂಗುರ ತೆಗೆದು, ಸುತ್ತಿಗೆಯ ಮರದ ಹಿಡಿಯಿಂದ ಒಂದು ಏಟು ಕೊಟ್ಟರು. ಜಾಯಿಂಟ್ ಕಳಚಿ ಅವರ ಅಂಗೈಗೆ ಬಿತ್ತು.

‘ನೋಡಿ ಸಾರ್, ಪ್ರೆಸ್ ಇಲ್ದೆ ಇದು ಬರಬಾರದಾಗಿತ್ತು. ಕೈಗೇ ಬಂದ್ಬಿಡ್ತು’ ಎಂದರು.

ಜಾಯಿಂಟಿನ ಗುಂಡನ್ನು ಅಲ್ಲಾಡಿಸಿ ನೋಡಿದೆ. ಬಿಗಿಯಾಗಿ, ಎಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತಿತ್ತು. ಅದರಲ್ಲಿ ದೋಷವಿರಲಿಲ್ಲ. ಮೇಸ್ತ್ರಿ ಆರ್ಮ್‌ನ ತೂತಿಗೆ ಟಾರ್ಚ್ ಬಿಟ್ಟರು. ಒಳಗೋಡೆಯ ಒಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಬದಿಯಲ್ಲಿ ಕುಂಕುಮಕ್ಕಿಂತ ತುಸು ಕಂದಾದ ನುಣ್ಣನೆಯ ಪುಡಿ ಅಂಟಿತ್ತು. ಬಾಯಿಯ ಸುತ್ತ ಯಾರೋ ಸೆಂಟರ್ ಪಂಚ್ ಹೊಡೆದ ಏಳೆಂಟು ಚುಕ್ಕಿಗಳು. ಹೊಸ ಜಾಯಿಂಟ್ ಸಡಿಲವಾಗಿ ಕೂತದ್ದು ಹಿಂದಿನವರಿಗೆ ಗೊತ್ತಾಗಿತ್ತು, ಪಂಚ್ ಹೊಡೆದು ಬಿಗಿ ಮಾಡಿ ಕಳಿಸಿದ್ದರು. ಅದೇ ಸ್ಥಿತಿಯಲ್ಲಿ ನಾನು ನಾಲ್ಕು ತಿಂಗಳು ಶಿರಾಡಿ ಘಾಟಿ ಹತ್ತಿ ಇಳಿದಿದ್ದೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು. ಈ ಲೇಖನ ಬರೆಯಲು ಆ ತೂತೇ ಕಾರಣ.

ಕಿಂಗ್‌ಪಿನ್‌ನಿಂದ ಗುಂಡುಕೀಲಿಗೆ

ಮುಂದಿನ ಚಕ್ರಕ್ಕೆ ಉರುಳುವುದರ ಜೊತೆಗೆ ಇನ್ನೆರಡು ಕೆಲಸಗಳಿವೆ. ಸ್ಟೀರಿಂಗ್ ತಿರುಗಿಸಿದ ಕಡೆಗೆ ಅದು ತಿರುಗಬೇಕು, ರಸ್ತೆಯ ಏರುತಗ್ಗಿಗೆ ತಕ್ಕಂತೆ ಮೇಲೆ ಕೆಳಗೆ ಆಡಬೇಕು. ಹಳೆಯ ಗಾಡಿಗಳಲ್ಲಿ ತಿರುಗಿಸುವ ಕೆಲಸ ಕಿಂಗ್‌ಪಿನ್‌ನದು. ಅದು ದಪ್ಪನೆಯ ಉಕ್ಕಿನ ಗೂಟ, ಬಾಗಿಲ ತಿರುಗಣಿಯಂತೆ ಒಂದೇ ಗೆರೆಯ ಸುತ್ತ ತಿರುಗುತ್ತದೆ. ನಮ್ಮ ಲಾರಿಗಳ, ಬಹುಪಾಲು ಸಾರಿಗೆ ಬಸ್ಸುಗಳ ಮುಂದಿನ ಆಕ್ಸಲ್‌ನಲ್ಲಿ ಇವತ್ತಿಗೂ ಅದೇ ಇದೆ. ಮಲೆನಾಡಿನ ಎಸ್ಟೇಟುಗಳಲ್ಲಿ ಇನ್ನೂ ಓಡಾಡುವ ಹಳೆಯ ಮಹೀಂದ್ರ ಜೀಪುಗಳಲ್ಲೂ ಗುಂಡುಕೀಲಿಲ್ಲ. ಆಕ್ಸಲ್ ತುದಿಯ ದುಂಡನೆಯ ಕವಚದ ಮೇಲೊಂದು ಕೆಳಗೊಂದು ಕಿಂಗ್‌ಪಿನ್ ಬೇರಿಂಗ್ ಕೂತಿರುತ್ತದೆ.

ಗುಂಡುಕೀಲು ತಿರುಗುವುದನ್ನೂ ಆಡುವುದನ್ನೂ ಒಂದೇ ಜಾಗದಲ್ಲಿ ಮುಗಿಸುತ್ತದೆ. ಗಟ್ಟಿ ಉಕ್ಕಿನ ಒಂದು ಗುಂಡು, ಅದಕ್ಕೆ ಕತ್ತಿನಂಥ ಮೊಳೆ, ಗುಂಡನ್ನು ತಬ್ಬಿ ಹಿಡಿಯುವ ಬಟ್ಟಲು, ಮಧ್ಯೆ ನೈಲಾನ್ ಅಥವಾ ಲೋಹದ ಅಸ್ತರಿ, ಗ್ರೀಸು, ಮೇಲೊಂದು ರಬ್ಬರ್ ಬೂಟು. ಇಷ್ಟೇ ಅದರ ಸಂಸಾರ. ಅಮೆರಿಕದ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಕಿಂಗ್‌ಪಿನ್ ಬದಲು ಬಾಲ್ ಜಾಯಿಂಟ್ ತಂದವುಗಳಲ್ಲಿ 1952ರ ಲಿಂಕನ್ ಮೊದಲಿನದು. ಮುಂದೆ ಕಾರುಗಳಿಗೆಲ್ಲ ಅದು ವಾಡಿಕೆಯಾಯಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಜೀಪಿಗೆ ಡಾನಾ 30 ಎಂಬ ಮುಂದಿನ ಆಕ್ಸಲ್ ಬಂದಾಗ ಅಲ್ಲೂ ಗುಂಡುಕೀಲೇ ಕೂತಿತು. ನಮ್ಮಲ್ಲಿ 2000ದಲ್ಲಿ ಬಂದ ಬೊಲೆರೊ ಹಳ್ಳಿಹಳ್ಳಿಗೆ ಹರಡಿದ ಮೇಲೆ, ಕಿಂಗ್‌ಪಿನ್ ಬುಷ್ ಹೊಡೆದು ಪಳಗಿದ ಮೇಸ್ತ್ರಿಗಳ ಕೈಗೂ ಬಾಲ್ ಜಾಯಿಂಟ್ ದಿನನಿತ್ಯದ ಕೆಲಸವಾಯಿತು.

ಈ ಕೀಲನ್ನು ಗಾಡಿಗೆ ಸೇರಿಸುವ ರೀತಿ ಮುಖ್ಯವಾಗಿ ಮೂರು. ಕೆಲವು ಗಾಡಿಗಳಲ್ಲಿ ಬೋಲ್ಟ್ ಹಾಕಿ ಕಟ್ಟುತ್ತಾರೆ. ಕೆಲವುಗಳಲ್ಲಿ ಕೀಲು ಆರ್ಮ್‌ನ ಅಂಗವೇ ಆಗಿರುತ್ತದೆ, ಕೆಟ್ಟರೆ ಆರ್ಮ್ ಸಮೇತ ಬದಲಿ. ಮೂರನೆಯದು ಪ್ರೆಸ್ ಫಿಟ್: ಆರ್ಮ್‌ನ, ನಕಲ್‌ನ ಅಥವಾ ಆಕ್ಸಲ್ ತುದಿಯ ತೂತಿಗೆ ಕೀಲನ್ನು ಒತ್ತಿ ಕೂರಿಸುವುದು. ಸಡಿಲದ ಕಥೆ ಹುಟ್ಟುವುದು ಈ ಮೂರನೆಯದರಲ್ಲಿ.

ಗಾಡಿ ಚಕ್ರದ ಹಳಿಯ ಲೆಕ್ಕ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಏರಿಸುವುದನ್ನು ಕಂಡವರಿಗೆ ಪ್ರೆಸ್ ಫಿಟ್ ಬೇಗ ಅರ್ಥವಾಗುತ್ತದೆ. ಕಮ್ಮಾರ ಹಳಿಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿ ಮಾಡಿರುತ್ತಾನೆ. ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲಿಟ್ಟು ನೀರು ಸುರಿದಾಗ ಚುಂಯ್ ಎಂದು ಕುಗ್ಗಿ ಮರವನ್ನು ಅಪ್ಪಿ ಹಿಡಿಯುತ್ತದೆ. ಹಳಿಯನ್ನು ಚಕ್ರದ ಅಳತೆಗೆ ಸರಿಯಾಗಿ ಮಾಡಿದ್ದರೆ ಅದು ಎರಡೇ ದಿನಕ್ಕೆ ಕಳಚಿ ಬೀಳುತ್ತಿತ್ತು. ಚಿಕ್ಕದಾಗಿ ಮಾಡಿದ್ದರಿಂದಲೇ ವರ್ಷಗಟ್ಟಲೆ ನಿಲ್ಲುತ್ತದೆ.

ಬಾಲ್ ಜಾಯಿಂಟಿನ ತೂತಿನದೂ ಇದೇ ಲೆಕ್ಕ. ತೂತು ಕೀಲಿನ ಮೈಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ಲೇತ್ ಕೆಲಸದ ಹಳೆಯ ಸೂತ್ರದ ಪ್ರಕಾರ ಪ್ರತಿ 25 ಮಿ.ಮೀ. ವ್ಯಾಸಕ್ಕೆ ಸುಮಾರು 0.025 ಮಿ.ಮೀ. ಬಿಗಿ ಇಡುತ್ತಾರೆ. 45 ಮಿ.ಮೀ. ಕೀಲಿಗೆ ಅದು 0.045 ಮಿ.ಮೀ. ಆಗುತ್ತದೆ, ಎಂದರೆ 45 ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 50ರಿಂದ 100 ಮೈಕ್ರಾನ್. ಇಷ್ಟು ಸಣ್ಣ ವ್ಯತ್ಯಾಸವೇ ಕೀಲನ್ನು ಒಳಗೆ ತಳ್ಳಲು ಟನ್ನುಗಟ್ಟಲೆ ಒತ್ತಡ ಬೇಡುತ್ತದೆ. ತೂತಿನ ಸುತ್ತಲಿನ ಉಕ್ಕು ರಬ್ಬರ್ ಬ್ಯಾಂಡಿನ ಹಾಗೆ ತುಸು ಹಿಗ್ಗಿ, ವಾಪಸ್ ಕುಗ್ಗಲು ಹವಣಿಸುತ್ತಾ ಕೀಲನ್ನು ಸದಾ ಹಿಸುಕುತ್ತಿರುತ್ತದೆ. ಆ ಹಿಸುಕೇ ಹಿಡಿತ. ಸರ್ಕ್ಲಿಪ್ ಇರುವುದು ಬರೀ ಕಾವಲಿಗೆ. ಹಿಡಿಯುವ ಕೆಲಸವನ್ನೆಲ್ಲ ಅದರ ಮೇಲೆ ಹೊರಿಸಿದರೆ ಅದು ತಾಳುವುದಿಲ್ಲ.

ಮನೆ ಸವೆಯುವುದು ಹೇಗೆ?

ಒಂದು ಸಲ ಬಿಗಿ ತಪ್ಪಿದರೆ ಸವೆತ ತಾನಾಗಿಯೇ ಬೆಳೆಯುತ್ತದೆ. ಪ್ರತಿ ಗುಂಡಿಗೂ, ಪ್ರತಿ ಬ್ರೇಕಿಗೂ ಕೀಲು ತೂತಿನೊಳಗೆ ಕಣ್ಣಿಗೆ ಕಾಣದಷ್ಟು ಜರುಗುತ್ತದೆ. ಉಕ್ಕಿಗೆ ಉಕ್ಕು ಉಜ್ಜಿ ಎದ್ದ ಸಣ್ಣ ಕಣಗಳು ಗಾಳಿ ತಾಗಿ ತುಕ್ಕಾಗುತ್ತವೆ. ನಾನು ಕಂಡ ಕೆಂಗಂದು ಪುಡಿ ಅದೇ. ಆ ಪುಡಿ ಮರಳು ಕಾಗದದಂತೆ ಮತ್ತಷ್ಟು ಉಜ್ಜುತ್ತದೆ. ಮುಂದಿನಿಂದ ಹಿಂದಕ್ಕೆ ಬೀಳುವ ಪೆಟ್ಟು ಹೆಚ್ಚಿದ್ದರೆ ತೂತು ಆ ದಿಕ್ಕಿಗೆ ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ.

ಮೊದಲ ಬಿಗಿ ತಪ್ಪುವುದಕ್ಕೆ ಕಾರಣ ಹೆಚ್ಚಾಗಿ ನಮ್ಮದೇ ಆತುರ. ಹಳೆಯ ಕೀಲನ್ನು ಸುತ್ತಿಗೆಯಿಂದ ಓರೆಯಾಗಿ ಹೊಡೆದು ತೆಗೆದಾಗ ಅದರ ಅಂಚು ತೂತಿನ ಗೋಡೆಯನ್ನು ಕೆರೆಯುತ್ತದೆ. ತುಕ್ಕು, ಕೆಸರು ಒರೆಸದೆ ಹೊಸದನ್ನು ಒತ್ತಿದಾಗಲೂ ಹಾಗೆಯೇ. ಬಿಡಿಸಲೆಂದು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿದರೆ ಉಕ್ಕಿನ ಗುಣವೇ ಕೆಡಬಹುದು. ಸಲಸಲಕ್ಕೂ ಅಗ್ಗದ ಕೀಲು ಹಾಕಿ, ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಒತ್ತುತ್ತಿದ್ದರೆ ಪ್ರತಿ ಸಲವೂ ತೂತು ಮೈಕ್ರಾನಿನ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಮಲೆನಾಡಿನ ಮಳೆ, ಎಸ್ಟೇಟ್ ದಾರಿಯ ಕೆಸರು, ಬೇಸಿಗೆಯ ಕೆಂಪು ಧೂಳು ಇವೆಲ್ಲ ಸೇರಿ ರಬ್ಬರ್ ಬೂಟನ್ನು ಬೇಗ ಹರಿಯುತ್ತವೆ. ಬೂಟು ಹರಿದರೆ ಕೀಲು ಬೇಗ ಸಾಯುತ್ತದೆ, ಬೇಗ ಬಿಚ್ಚಬೇಕಾಗುತ್ತದೆ. ಹೀಗೆ ಒಂದು ಅಂಗೈ ಅಗಲದ ರಬ್ಬರು ಕೊನೆಗೆ ಆರ್ಮ್‌ನ ಆಯುಷ್ಯವನ್ನೇ ತಿನ್ನುತ್ತದೆ.

ಆಟ ಎಲ್ಲಿದೆ, ಪತ್ತೆ ಮಾಡಿ

ಮುಂದಿನ ಚಕ್ರ ಅಲ್ಲಾಡುತ್ತಿದ್ದರೆ ಗ್ಯಾರೇಜಿನವರು ಅದನ್ನು ‘ಪ್ಲೇ’ ಎನ್ನುತ್ತಾರೆ. ಆಟ ನಾಲ್ಕು ಕಡೆ ಇರಬಹುದು: ಚಕ್ರದ ಬೇರಿಂಗ್‌ನಲ್ಲಿ, ಸ್ಟೀರಿಂಗ್‌ನ ಟೈ ರಾಡ್ ಎಂಡ್‌ನಲ್ಲಿ, ಬಾಲ್ ಜಾಯಿಂಟಿನ ಗುಂಡಿನಲ್ಲಿ ಅಥವಾ ಅದು ಕೂತ ತೂತಿನಲ್ಲಿ. ಯಾವುದೆಂದು ಗೊತ್ತಾಗದೆ ಬಿಡಿಭಾಗ ಕೊಳ್ಳುವುದು ಹಣ ದಂಡ.

ಮೊದಲು ಜ್ಯಾಕ್ ಇಡುವ ಜಾಗ ಮುಖ್ಯ. ಕೀಲಿನ ಮೇಲೆ ಭಾರ ಇರುವಾಗ ಆಟ ಕಾಣುವುದಿಲ್ಲ. ಸ್ಪ್ರಿಂಗ್ ಲೋವರ್ ಆರ್ಮ್‌ನ ಮೇಲೆ ಕೂತಿದ್ದರೆ ಆರ್ಮ್‌ನ ಅಡಿಗೇ, ಚಕ್ರದ ಹತ್ತಿರಕ್ಕೆ ಜ್ಯಾಕ್ ಕೊಡಬೇಕು. ಸ್ಪ್ರಿಂಗ್ ಹೊತ್ತ ಸ್ಟ್ರಟ್ ಇರುವ ಸಾಮಾನ್ಯ ಕಾರುಗಳಲ್ಲಿ ಚಾಸಿಗೆ ಜ್ಯಾಕ್ ಕೊಟ್ಟು ಚಕ್ರ ತೂಗಾಡಲು ಬಿಡಬೇಕು. ಸ್ಟ್ಯಾಂಡ್ ಇಡದೆ ಬರೀ ಜ್ಯಾಕ್ ನಂಬಿ ಯಾರೂ ಗಾಡಿಯಡಿಗೆ ತಲೆ ಹಾಕಬಾರದು.

ಈಗ ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರನ್ನು ಎರಡೂ ಕೈಯಿಂದ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ತುಳಿದಾಗ ಆಟ ನಿಂತರೆ ತೊಂದರೆ ಚಕ್ರದ ಬೇರಿಂಗ್‌ನದು, ನಿಲ್ಲದಿದ್ದರೆ ಬಾಲ್ ಜಾಯಿಂಟಿನ ಕಡೆ ನೋಡಿ. 9 ಮತ್ತು 3ರ ಜಾಗದಲ್ಲಿ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್ ಮೇಲೆ ಅನುಮಾನ. ಕೊನೆಗೆ ಟೈರಿನಡಿಗೆ ಉದ್ದನೆಯ ಸಲಾಕೆ ಕೊಟ್ಟು ಮೇಲಕ್ಕೆ ಮೀಟಿ, ಕೀಲಿನ ಮೈ ಮತ್ತು ಆರ್ಮ್ ಸೇರುವ ಗೆರೆಯ ಮೇಲೆ ಬೆರಳಿಡಿ. ಆ ಗೆರೆಯಲ್ಲಿ ಮಿಡಿತ ಸಿಕ್ಕರೆ, ಕೆಂಗಂದು ಪುಡಿ ಕಂಡರೆ, ಸಡಿಲವಾಗಿರುವುದು ತೂತು. ನಾಲ್ಕು ತಿಂಗಳ ಹಿಂದೆ ಯಾರಾದರೂ ಅಲ್ಲಿ ಬೆರಳಿಟ್ಟು ನೋಡಿದ್ದರೆ ನನ್ನ ಗಾಡಿ ಆವತ್ತೇ ಸರಿಯಾಗುತ್ತಿತ್ತು.

ಅಡ್ಡದಾರಿಗಳು

ಹೊಸ ಕೀಲು ಕೈಯಲ್ಲೇ ಒಳಗೆ ಹೋದಾಗ ಗ್ಯಾರೇಜುಗಳಲ್ಲಿ ಮಾಡುವ ಉಪಾಯಗಳು ಕೆಲವಿವೆ. ಒಂದೊಂದನ್ನೂ ನೋಡೋಣ.

ಪಂಚ್ ಹೊಡೆಯುವುದು: ಚುಕ್ಕಿ ಬಿದ್ದ ಕಡೆ ಸುತ್ತಲಿನ ಲೋಹ ಉಬ್ಬಿ ಕೀಲನ್ನು ಹಿಡಿದಂತೆ ಕಾಣುತ್ತದೆ. ಆದರೆ ತೂತಿನ ಇಡೀ ಗೋಡೆ ಮಾಡಬೇಕಾದ ಕೆಲಸವನ್ನು ಏಳೆಂಟು ಮೊನೆಗಳು ಮಾಡುತ್ತವೆ. ಕೆಲವೇ ದಿನಗಳಲ್ಲಿ ಮೊನೆಗಳು ಚಪ್ಪಟೆಯಾಗಿ ಮೊದಲಿನ ಸಡಿಲ ಮರಳುತ್ತದೆ.

ತಗಡು ಸುತ್ತುವುದು: ತಂಪು ಪಾನೀಯದ ಡಬ್ಬಿ ಕತ್ತರಿಸಿ ಸಂದಿಗೆ ತುರುಕುವವರಿದ್ದಾರೆ. ಆ ಅಲ್ಯೂಮಿನಿಯಂ ಸುಮಾರು 0.1 ಮಿ.ಮೀ. ದಪ್ಪ, ಬಲು ಮೆದು. ಚಕ್ರದ ಪೆಟ್ಟಿಗೆ ಹಿಂಡಿ ಹೊರಬರುತ್ತದೆ.

ವೆಲ್ಡಿಂಗ್: ನಾಲ್ಕು ಕಡೆ ಟ್ಯಾಕ್ ಹೊಡೆದರೆ ಕೀಲು ಅಲ್ಲಾಡುವುದಿಲ್ಲ, ನಿಜ. ಆದರೆ ವೆಲ್ಡಿಂಗಿನ ಕಾವಿಗೆ ಒಳಗಿನ ನೈಲಾನ್ ಅಸ್ತರಿ ಕರಗುತ್ತದೆ, ಗ್ರೀಸು ಸುಡುತ್ತದೆ, ಬೂಟು ಬಿರಿಯುತ್ತದೆ. ಗಟ್ಟಿಗೊಳಿಸಿದ ಉಕ್ಕಿನಲ್ಲಿ ವೆಲ್ಡಿನ ಪಕ್ಕದ ಜಾಗ ಪೆಡಸಾಗಿ ಕೂದಲ ಗೆರೆಯಂಥ ಬಿರುಕು ಬಿಡಬಹುದು. ಆ ಬಿರುಕು ಹೊರಗೆ ಕಾಣುವುದಿಲ್ಲ. ನಾಳೆ ಕೀಲು ಕೆಟ್ಟರೆ ಕೊರೆದು ತೆಗೆಯದೆ ಗತಿಯಿಲ್ಲ.

ಅಂಟು: ಬೇರಿಂಗ್ ಕೂರಿಸಲು ಬಳಸುವ ಲಾಕ್‌ಟೈಟ್ ಥರದ ಅಂಟುಗಳು ಗಾಳಿ ಸಿಗದ ಸಂದಿನಲ್ಲಿ, ಲೋಹ ತಾಗಿದಾಗ ಗಟ್ಟಿಯಾಗುತ್ತವೆ. ಅದಕ್ಕೇ ಅವುಗಳ ಬಾಟಲಿಯನ್ನು ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ಸಂದು ತೀರಾ ಸಣ್ಣದಿದ್ದು, ತೂತು ಗುಂಡಗಿದ್ದು, ಎರಡೂ ಮೈಯನ್ನು ಎಣ್ಣೆಯ ಪಸೆ ಇಲ್ಲದಂತೆ ತೊಳೆದಿದ್ದರೆ ಈ ಅಂಟು ಒಳ್ಳೆಯ ಸಹಾಯಕ. ಕೀಲನ್ನು ಭಾರವೇ ತೂತಿನೊಳಕ್ಕೆ ತಳ್ಳುವಂಥ ರಚನೆ ಇದ್ದು, ಸರ್ಕ್ಲಿಪ್ ಕೂಡ ಇದ್ದಾಗ ಮಾತ್ರ ಇದನ್ನು ಯೋಚಿಸಬಹುದು. ಭಾರ ಕೀಲನ್ನು ಹೊರಕ್ಕೆ ಎಳೆಯುವ ಗಾಡಿಯಲ್ಲಿ ಅಂಟನ್ನೇ ನಂಬಿ ರಸ್ತೆಗಿಳಿಯುವುದು ತಪ್ಪು.

ಸರಿದಾರಿ ಅಳತೆಯಿಂದ ಶುರು

ನನ್ನ ಮೇಸ್ತ್ರಿ ಆರ್ಮ್ ಮತ್ತು ಜಾಯಿಂಟ್ ಎರಡನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿ, ‘ಲೇತ್ ಅಂಗಡಿಗೆ ಹೋಗಿ ಅಳತೆ ಹಾಕಿಸ್ಕೊಂಡು ಬನ್ನಿ ಸಾರ್, ಆಮೇಲೆ ಮಾತಾಡೋಣ’ ಎಂದರು. ಟರ್ನರ್ ಹೊರಗಿನ ಮೈಗೆ ಮೈಕ್ರೋಮೀಟರ್, ತೂತಿಗೆ ಬೋರ್ ಗೇಜ್ ಹಿಡಿದು, ಮೂರು ಆಳದಲ್ಲಿ, ಉದ್ದಕ್ಕೂ ಅಡ್ಡಕ್ಕೂ ಅಳೆದು, ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟರು. ಜಾಯಿಂಟಿನ ಮೈ 45.06 ಮಿ.ಮೀ. ತೂತು ಅಡ್ಡಕ್ಕೆ 45.10, ಉದ್ದಕ್ಕೆ 45.19. ಬಿಗಿ ಇರಬೇಕಾದಲ್ಲಿ 40ರಿಂದ 130 ಮೈಕ್ರಾನ್ ಸಂದು. ತೂತು ಮೊಟ್ಟೆಯಾಗಿತ್ತು.

ಅಳತೆ ಕೈಗೆ ಬಂದ ಮೇಲೆ ನಿರ್ಧಾರ ಸುಲಭ. ತೂತು ಗುಂಡಗೆ ಸರಿಯಾಗಿದ್ದು ಕೀಲು ಚಿಕ್ಕದಿದ್ದರೆ ತಪ್ಪು ಬಿಡಿಭಾಗ ಬಂದಿದೆ ಎಂದರ್ಥ. ಪಾರ್ಟ್ ನಂಬರ್ ನೋಡಿ ಸರಿಯಾದದ್ದು ತರಿಸಬೇಕು. ಎಷ್ಟೋ ಸಲ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ತೂತು ಗುಂಡಗೇ ಇದ್ದು ಸ್ವಲ್ಪ ದೊಡ್ಡದಾಗಿದ್ದರೆ ಕೆಲವು ಗಾಡಿಗಳಿಗೆ ಓವರ್‌ಸೈಜ್ ಜಾಯಿಂಟ್ ಸಿಗುತ್ತದೆ. ತೂತಿನ ಸುತ್ತ ಸಾಕಷ್ಟು ದಪ್ಪ ಲೋಹವಿದ್ದರೆ ದೊಡ್ಡದಾಗಿ ಬೋರ್ ಮಾಡಿ ಉಕ್ಕಿನ ಸ್ಲೀವ್ ಒತ್ತುವುದೂ ಒಂದು ಮಾರ್ಗ. ಆದರೆ ತೂತಿನ ಕೇಂದ್ರ ಕದಲದಂತೆ ಬೋರ್ ಮಾಡುವ ಯಂತ್ರ, ಅದನ್ನು ಬಲ್ಲ ಕೈ ಎರಡೂ ಬೇಕು. ಗೋಡೆ ತೆಳುವಾದ ಆರ್ಮ್‌ನಲ್ಲಿ ಇದು ಕೂಡದು.

ತೂತು ಮೊಟ್ಟೆಯಾಗಿದ್ದರೆ ಆರ್ಮ್ ಬದಲಿಸುವುದೊಂದೇ ಸರಿಯಾದ ರಿಪೇರಿ. ಡಾನಾ 30ರಂಥ ಗಟ್ಟಿ ಆಕ್ಸಲ್‌ನಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಆಕ್ಸಲ್ ಕೊಳವೆಯ ತುದಿಗೆ ಕೊಂಡಿಯಂತೆ ಬಾಗಿದ ಉಕ್ಕಿನ ತುಂಡು ಬೆಸೆದಿರುತ್ತದೆ, ಕೀಲಿನ ತೂತುಗಳು ಅದರಲ್ಲಿರುತ್ತವೆ. ಅದು ಸವೆದರೆ ಕತ್ತರಿಸಿ ಹೊಸದನ್ನು ಬೆಸೆಯಬೇಕು, ಇಲ್ಲವೇ ಇಡೀ ಆಕ್ಸಲ್ ಕವಚ ಬದಲಿಸಬೇಕು. ಬೆಸೆಯುವಾಗ ಕೋನ ಒಂದಿಷ್ಟು ತಪ್ಪಿದರೂ ಸ್ಟೀರಿಂಗ್ ನೆಟ್ಟಗೆ ನಿಲ್ಲುವುದಿಲ್ಲ. ಆ ತೂತನ್ನು ಮೊದಲಿಂದಲೇ ಜೋಪಾನ ಮಾಡಬೇಕು ಎನ್ನುವುದು ಇದಕ್ಕೇ.

ಕೂರಿಸುವ ಕ್ರಮ

ಹೊಸ ಆರ್ಮ್‌ಗೆ ಕೀಲು ಕೂರಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಮೇಸ್ತ್ರಿ ತೂತನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿದರು. ಅಂಚಿನ ಚೂಪನ್ನು ನುಣ್ಣನೆಯ ಎಮೆರಿಯಿಂದ ಒಮ್ಮೆ ಮುಟ್ಟಿದರು ಅಷ್ಟೆ, ಗೋಡೆಯನ್ನು ಉಜ್ಜಲಿಲ್ಲ. ಹೈಡ್ರಾಲಿಕ್ ಪ್ರೆಸ್‌ನಡಿ ಆರ್ಮ್ ಇಟ್ಟು, ಕೀಲಿನ ಹೊರ ಅಂಚಿಗೆ ಮಾತ್ರ ತಾಗುವಂಥ ಕೊಳವೆ ತುಂಡನ್ನು ಮೇಲಿಟ್ಟರು. ನಡುವಿನ ಮುಚ್ಚಳದ ಮೇಲೆ ಒತ್ತಿದರೆ ಕೀಲು ಕೂರುವ ಮೊದಲೇ ಕೆಡುತ್ತದೆ. ಹಿಡಿ ಒತ್ತುತ್ತಾ ಹೋದಂತೆ ಲೋಹ ಕಿರ್ರೆಂದಿತು, ಕೀಲು ಅಂಗುಲ ಅಂಗುಲವಾಗಿ ನೆಟ್ಟಗೆ ಇಳಿಯಿತು. ಕೊನೆಗೆ ಬುಡ ತಾಗಿ ಪ್ರೆಸ್ ಬಿಗಿಯಾಯಿತು. ಸರ್ಕ್ಲಿಪ್ ತನ್ನ ಕಚ್ಚಿಗೆ ಟಕ್ಕೆಂದು ಬಿತ್ತು. ‘ಈ ಸದ್ದು ಕೇಳ್ಬೇಕು ಸಾರ್, ಹೊಸ ಜಾಯಿಂಟ್ ಅಂದ್ರೆ ಇದು’ ಎಂದರು.

ಉಳಿದದ್ದರಲ್ಲೂ ಶಿಸ್ತು ಬೇಕು. ಕೀಲಿನ ಮೊಳೆ ಕೂರುವ ನಕಲ್‌ನ ಓರೆ ತೂತು ಒಣಗಿ ಶುಭ್ರವಾಗಿರಬೇಕು, ಅಲ್ಲಿ ಗ್ರೀಸ್ ಹಚ್ಚಬಾರದು. ಕೋಟೆಯ ತೆನೆಯಂತೆ ಕಿಂಡಿಗಳಿರುವ ಕ್ಯಾಸಲ್ ನಟ್ಟನ್ನು ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಇನ್ನೊಂದಿಷ್ಟು ಬಿಗಿಯಬೇಕು, ಸಡಿಲಿಸಬಾರದು. ಪಿನ್ನು ಹೊಸದೇ ಆಗಿರಬೇಕು. ಆರ್ಮ್‌ನ ರಬ್ಬರ್ ಬುಷ್ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ಭಾರ ಬಿದ್ದ ಮೇಲೆ ಕೊನೆಯ ಸಲ ಬಿಗಿಯಬೇಕು, ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗ್ರೀಸ್ ನಿಪ್ಪಲ್ ಇದ್ದರೆ ಬೂಟು ತುಸು ಉಬ್ಬುವಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಬೂಟೇ ಒಡೆಯುತ್ತದೆ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ಕಳಚಿದರೆ ಎರಡನೇ ಅವಕಾಶವಿಲ್ಲ

ಗಾಡಿಯ ಎಷ್ಟೋ ದೋಷಗಳು ನಮಗೆ ಟೈಮ್ ಕೊಡುತ್ತವೆ. ಬ್ಯಾಟರಿ ಸತ್ತರೆ ತಳ್ಳಬಹುದು, ರೇಡಿಯೇಟರ್ ಸೋರಿದರೆ ನೀರು ಹಾಕಿಕೊಂಡು ಊರು ಸೇರಬಹುದು. ಕೆಳಗಿನ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ, ಗಾಡಿಯ ಮೂಗು ರಸ್ತೆಗೆ ಕುಕ್ಕುತ್ತದೆ, ಸ್ಟೀರಿಂಗ್ ಮಾತು ಕೇಳುವುದಿಲ್ಲ. ಘಾಟಿಯ ತಿರುವಿನಲ್ಲಿ ಹಾಗಾದರೆ ಚಾಲಕನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕಟಕಟ ಸದ್ದು ಅದಕ್ಕೆ ಮುಂಚೆ ಸಿಗುವ ಎಚ್ಚರಿಕೆ. ಟೈರಿನ ಒಂದೇ ಅಂಚು ಸವೆಯುವುದು, ನೇರ ರಸ್ತೆಯಲ್ಲಿ ಗಾಡಿ ಅತ್ತಿತ್ತ ಎಳೆಯುವುದು, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಜಗ್ಗುವುದು ಕೂಡ ಅದೇ ಎಚ್ಚರಿಕೆಯ ಬೇರೆ ರೂಪಗಳು.

ಹಿಂದಿನ ಸಲ ಗಾಡಿ ಬಿಟ್ಟು ಚಹಾ ಕುಡಿಯಲು ಹೋಗಿದ್ದು ನನ್ನ ತಪ್ಪು. ಹಾಗೆ ಮಾಡಬೇಡಿ. ಮುಂದಿನ ಸಲ ಪ್ರೆಸ್ ಫಿಟ್ ಬಾಲ್ ಜಾಯಿಂಟ್ ಹಾಕಿಸುವಾಗ ಪಕ್ಕದಲ್ಲಿ ನಿಂತು ಮೇಸ್ತ್ರಿಯನ್ನು ಎರಡು ಪ್ರಶ್ನೆ ಕೇಳಿ: ಹಳೆಯದು ಪ್ರೆಸ್‌ನಲ್ಲಿ ಬಂತಾ, ಕೈಯಲ್ಲಿ ಬಂತಾ? ಹೊಸದು ಪ್ರೆಸ್‌ನಲ್ಲಿ ಕೂತಿತಾ, ಕೈಯಲ್ಲೇ ಕೂತಿತಾ? ಎರಡರಲ್ಲಿ ಒಂದಕ್ಕಾದರೂ ‘ಕೈಯಲ್ಲಿ’ ಎಂಬ ಉತ್ತರ ಬಂದರೆ ಗಾಡಿ ಹೊರಗೆ ತೆಗೆಯಬೇಡಿ. ತೂತು ಅಳೆಸಿ, ಅಗತ್ಯವಿದ್ದರೆ ಆರ್ಮ್ ಬದಲಿಸಿ.